ಇಬ್ರೇ ಟೀಚರ್ಸು, ಐದು ಕ್ಲಾಸು: ಹೆಂಗ್ ನಡ್ಸೋದು?

ಪ್ರಶ್ನೆ: ನಮ್ದು ಸಣ್ಣ ಹಳ್ಳಿ ಶಾಲೆ, ಐದು ಕ್ಲಾಸಿಗೆ ಇಬ್ರೇ ಟೀಚರ್ಸು. ಒಂದು ಕ್ಲಾಸಿಗೆ ಪಾಠ ಮಾಡ್ತಿದ್ರೆ ಉಳಿದೋರು ಸುಮ್ನೆ ಕೂತಿರ್ತಾರೆ, ಇಲ್ಲಾ ಗಲಾಟೆ. ಇಂಥಾ ಕಡೆ ಹೊಸದೇನಾದ್ರೂ ಮಾಡೋಕಾಗತ್ತಾ?

ಉತ್ತರ: ಆಗತ್ತೆ, ಆದ್ರೆ ಮೊದ್ಲು ದೊಡ್ಡ ಶಾಲೆ ಥರ ಕ್ಲಾಸಿಗೊಂದು ಪೀರಿಯಡ್ ಅಂತ ಟೈಮ್‌ಟೇಬಲ್ ಹಾಕೋ ಹಠ ಬಿಡ್ಬೇಕು. ಕೊಲಂಬಿಯಾದಲ್ಲಿ 1970ರ ದಶಕದಲ್ಲಿ ವಿಕಿ ಕೋಲ್ಬರ್ಟ್ ಮತ್ತವರ ಜೊತೆಯವರು ಎಸ್ಕ್ವೇಲಾ ನುಯೇವಾ (ಅಂದ್ರೆ ‘ಹೊಸ ಶಾಲೆ’) ಅನ್ನೋ ಪಾಠದ ಪದ್ಧತಿ ಶುರು ಮಾಡಿದ್ದೇ ಒಬ್ರೋ ಇಬ್ರೋ ಟೀಚರ್ ಇರೋ ಹಳ್ಳಿ ಶಾಲೆಗಳಿಗೋಸ್ಕರ. ಅಲ್ಲಿ ಬೋರ್ಡ್ ಮುಂದೆ ನಿಂತು ಹೇಳೋದು ಕಮ್ಮಿ, ಮಕ್ಕಳ ಕೈಲೇ ತಾವೇ ಓದ್ಕೊಂಡು ಮಾಡೋ ಪಾಠದ ಗೈಡ್ ಇರತ್ತೆ, ಗುಂಪಲ್ಲಿ ಕೂತು ತಮ್ಮ ಸ್ಪೀಡಲ್ಲಿ ಮಾಡ್ಕೊಂಡು ಹೋಗ್ತಾರೆ, ಸುಗ್ಗಿ ಟೈಮಲ್ಲಿ ಶಾಲೆ ತಪ್ಪಿಸಿದ ಮಗು ವಾಪಸ್ ಬಂದ್ರೆ ಬಿಟ್ಟಲ್ಲಿಂದಾನೇ ಹಿಡ್ಕೊಳ್ಳತ್ತೆ, ಅದಕ್ಕಾಗಿ ಇಡೀ ವರ್ಷ ಅದೇ ಕ್ಲಾಸಲ್ಲಿ ಕೂರೋ ಪಾಡಿಲ್ಲ. ಲೈಬ್ರರಿ, ಕೈತೋಟ ನೋಡ್ಕೊಳ್ಳೋಕೆ ಮಕ್ಕಳದ್ದೇ ಕಮಿಟಿಗಳು. ಆಂಧ್ರದ ರಿಷಿ ವ್ಯಾಲಿ ಶಾಲೆಯವರ ಕಲಿಕೆ ಏಣಿ (ಪಾಠನ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ್ದು), ಕಾರ್ಡುಗಳು, ಅದನ್ನ ನೋಡಿ 1995ರಲ್ಲಿ ಎಚ್.ಡಿ. ಕೋಟೆಲಿ ಶುರುವಾದ ನಮ್ಮ ಸರ್ಕಾರಿ ಶಾಲೆಗಳ ನಲಿ ಕಲಿ, ಎಲ್ಲದರ ಯೋಚನೆ ಹೆಚ್ಚುಕಮ್ಮಿ ಇದೇ.

ನೀವು ಎಲ್ಲಾ ಒಟ್ಟಿಗೆ ಬದಲಾಯ್ಸೋಕೆ ಹೋಗ್ಬೇಡಿ. ಗಣಿತ ಒಂದನ್ನೇ ತಗೊಳ್ಳಿ, ಪಾಠನ ಸಣ್ಣ ಸಣ್ಣ ಹೆಜ್ಜೆ ಮಾಡಿ ಕಾರ್ಡಲ್ಲಿ ಬರೀರಿ, ಯಾವ್ದು ಟೀಚರ್ ಜೊತೆ, ಯಾವ್ದು ಗೆಳೆಯರ ಜೊತೆ, ಯಾವ್ದು ಒಬ್ಬರೇ ಮಾಡೋದು ಅಂತ ಗುರುತು ಹಾಕಿ. ಆಗ ಮೂರು ಗುಂಪು ತಮ್ಮಷ್ಟಕ್ಕೆ ಕೆಲ್ಸ ಮಾಡ್ತಿರುವಾಗ ನೀವು ಓದೋಕೆ ಈಗಷ್ಟೇ ಕಲೀತಿರೋ ಪುಟ್ಟ ಮಕ್ಕಳ ಜೊತೆ ನೆಲದ ಮೇಲೆ ಕೂರ್ಬೋದು, ನನ್ನ ಕೇಳಿದ್ರೆ ಇಡೀ ಬದಲಾವಣೆಯ ಲಾಭ ಇರೋದೇ ಇಲ್ಲಿ. ಕಾರ್ಡ್ ಹಂಚಿ ಟೀಚರ್ ರಿಜಿಸ್ಟರ್ ತುಂಬ್ತಾ ಕೂತ್ರೆ ಮಾತ್ರ ಅದು ಬರೀ ವರ್ಕ್‌ಶೀಟು, ಮಕ್ಕಳಿಗೆ ವಾರದಲ್ಲೇ ಬೋರು. ದೊಡ್ಡ ಮಕ್ಕಳು ಚಿಕ್ಕೋರಿಗೆ ಹೇಳ್ಕೊಡ್ಲಿ, ಇಬ್ರಿಗೂ ಒಳ್ಳೇದೇ, ಆದ್ರೆ ದಿನವಿಡೀ ಅಲ್ಲ, ಅವ್ರೂ ಕಲಿಯೋಕೇ ಬಂದಿರೋದು ತಾನೇ!

ಪ್ರಶ್ನೆ: ಒಬ್ರು ದಾನಿಗಳು ಟ್ಯಾಬ್ ಕೊಡ್ತೀವಂತಿದಾರೆ, ಆದ್ರೆ ಶಾಲೇಲಿ ನೆಟ್‌ವರ್ಕೇ ಸಿಗಲ್ಲ. ತಗೊಳ್ಳೋದಾ?

ಉತ್ತರ: ತಗೊಳ್ಳಿ, ಆದ್ರೆ ಕೆಟ್ರೆ ರಿಪೇರಿ ಯಾರದ್ದು ಅಂತ ಮೊದ್ಲೇ ಕೇಳಿ, ಫೋಟೋ ತೆಗೆಸ್ಕೊಂಡ್ಮೇಲೆ ಕೇಳಿದ್ರೆ ಉತ್ತರ ಸಿಗೋದು ಕಷ್ಟ. ನೆಟ್ ಇಲ್ದೇ ನಡೆಯೋ ಕೋಲಿಬ್ರಿ ಅನ್ನೋ ಫ್ರೀ ಸಾಫ್ಟ್‌ವೇರ್ ಇದೆ, ನೆಟ್ ಇರೋ ಕಡೆ ಪಾಠ ಇಳಿಸ್ಕೊಂಡು ಬಂದ್ರೆ ಶಾಲೆಯ ಒಂದೇ ಕಂಪ್ಯೂಟರಿಂದ ಎಲ್ಲಾ ಟ್ಯಾಬಿಗೂ ಲೋಕಲ್ ವೈಫೈಲಿ (ಇದಕ್ಕೆ ಇಂಟರ್ನೆಟ್ ಬೇಡ) ಕೊಡ್ಬೋದು.