ಮನೆಗೊಂದು ಅಳತೆ ಕಾಳು

ಪ್ರಶ್ನೆ: ಸರ್, ನಮ್ಮೂರ ಶಾಲೆಯ ಕೋಣೆಗೆ ಮನೆಮನೆ ಪಟ್ಟಿ ಎತ್ತುತ್ತಿದ್ದೇವೆ. ಅಮೆರಿಕದ ಹಳೇ ಕಾಲೇಜುಗಳೂ ಹೀಗೇ ಎದ್ದವಂತೆ, ನಿಜವೇ?
– ಓದುಗರೊಬ್ಬರು, ಕೊಪ್ಪಳ

ಉತ್ತರ: ನಿಜ. 1749ರಲ್ಲಿ ಫಿಲಡೆಲ್ಫಿಯಾದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಅಕಾಡೆಮಿ ಅಂತ ಒಂದು ಶಾಲೆ ಕಟ್ಟಲು ಪಟ್ಟಿ ಹಿಡಿದರು. ಒಪ್ಪಿದ ಹಣವನ್ನು 5 ವರ್ಷದ ಕಂತಿನಲ್ಲಿ ಕೊಡಬಹುದಿತ್ತು. ಆ ಅಕಾಡೆಮಿಯೇ ಮುಂದೆ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯವಾಯಿತು. ನೀವೂ ಕಂತು ಮಾಡಿ. ಸುಗ್ಗಿಗೆ ಮುಂಚೆ ರೈತರ ಕೈಯಲ್ಲಿ ದುಡ್ಡು ಎಲ್ಲಿರುತ್ತದೆ?

ನನಗೆ ಜಾಸ್ತಿ ಹಿಡಿಸಿದ್ದು ಹಾರ್ವರ್ಡ್‌ನ ಕಥೆ. ಅಲ್ಲಿನ ಬಡ ವಿದ್ಯಾರ್ಥಿಗಳಿಗಾಗಿ 1644ರಲ್ಲಿ ಪ್ರತಿ ಮನೆಯಿಂದ ಕಾಳು ಕೇಳಿದರು. ಸುಮಾರು 9 ಲೀಟರ್ ಅಳತೆ, ಇಲ್ಲವೇ 12 ಪೆನ್ಸ್ (ಇಂಗ್ಲಿಷರ ಚಿಲ್ಲರೆ ನಾಣ್ಯ). ನಮ್ಮವ್ವ ಗವಿಮಠದ ಜಾತ್ರೆಗೆ ಜೋಳದ ರೊಟ್ಟಿ ಗಂಟು ಕಟ್ಟಿ ಕಳಿಸುತ್ತಿದ್ದಳು. ಅದೂ ಹೀಗೇ ಅಲ್ವಾ? ದುಡ್ಡಿಲ್ಲದ ಮನೆಯಿಂದ ಜೋಳವನ್ನೇ ಇಸ್ಕೊಳ್ಳಿ. ಅವರ ಹೆಸರನ್ನೂ ಪಟ್ಟಿಯಲ್ಲಿ ಬರೆಯಿರಿ.