ಓಡುವಾಗಲೇ ಕೈಕೊಡುವ ಹೈಬ್ರಿಡ್ ಕಾರು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮದು ಎರಡು ವರ್ಷ ಹಳೆಯ ಸ್ಟ್ರಾಂಗ್ ಹೈಬ್ರಿಡ್ ಪೆಟ್ರೋಲ್ ಕಾರು. ಮೇ ತಿಂಗಳ ಒಂದು ಮಧ್ಯಾಹ್ನ ಕುಟುಂಬದೊಂದಿಗೆ ಕಲಬುರಗಿಯಿಂದ ಹುಮನಾಬಾದಿಗೆ ಹೊರಟಿದ್ದೆ. ಕಮಲಾಪುರ ದಾಟಿದ ಮೇಲೆ ಲಾರಿಯೊಂದನ್ನು ಹಿಂದೆ ಹಾಕುತ್ತಿದ್ದಾಗ ಆಕ್ಸಿಲರೇಟರ್ ಒತ್ತಿದರೂ ಕಾರು ಎಳೆಯಲಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಹಲವು ದೀಪಗಳು ಒಮ್ಮೆಲೇ ಹೊತ್ತಿಕೊಂಡವು, ಸ್ಟೀರಿಂಗ್ ಬಿಗಿಯಾಯಿತು. ಹೇಗೋ ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿದೆ. ಸ್ವಲ್ಪ ಹೊತ್ತಿನ ನಂತರ ಬಟನ್ ಒತ್ತಿದರೆ ಏನೂ ಆಗಿಲ್ಲವೆಂಬಂತೆ ಚಾಲೂ ಆಯಿತು. ವರ್ಕ್‌ಶಾಪಿನವರು ನೋಡಿ, ಯಾವ ದೋಷವೂ ಇಲ್ಲ, ಓಡಿಸಿ ಎಂದರು. ಮನೆಯವರು ಈಗ ಆ ಕಾರಿನಲ್ಲಿ ಕೂರಲು ಹೆದರುತ್ತಿದ್ದಾರೆ. ಏನು ಮಾಡಲಿ?
(ಓದುಗರು, ಕಲಬುರಗಿ)

ಉತ್ತರ: ನಿಮ್ಮ ಮನೆಯವರ ಹೆದರಿಕೆಗೆ ಕಾರಣವಿದೆ. ಎದುರಿನಿಂದ ವಾಹನ ಬರುತ್ತಿರುವಾಗ, ಲಾರಿಯ ಪಕ್ಕದಲ್ಲೇ ಕಾರಿನ ಶಕ್ತಿ ಅಡಗಿಹೋಗುವುದು ಪ್ರಾಣದ ಮಾತು. ದೋಷ ಯಾವುದೆಂದು ಬರವಣಿಗೆಯಲ್ಲಿ ತಿಳಿಯುವವರೆಗೆ ಆ ಕಾರನ್ನು ಹೆದ್ದಾರಿಗೆ ಒಯ್ಯಬೇಡಿ.

ಪೆಟ್ರೋಲ್ ಎಂಜಿನ್ ಜೊತೆಗೆ ವಿದ್ಯುತ್ ಮೋಟಾರೂ ಇರುವ ಹೈಬ್ರಿಡ್ ಕಾರಿನಲ್ಲಿ ಎಂಜಿನ್ ಆಗಾಗ ತಾನಾಗಿಯೇ ನಿಲ್ಲುವುದು ಸಹಜ. ಜಗತ್ ವೃತ್ತದ ಸಿಗ್ನಲ್ಲಿನಲ್ಲಿ ನಿಂತಾಗಲೂ ನಿಧಾನವಾಗಿ ಸಾಗುವಾಗಲೂ ಎಂಜಿನ್ ಮೌನವಾಗುತ್ತದೆ, ಮೋಟಾರು ಕಾರನ್ನು ಎಳೆಯುತ್ತದೆ, ಡ್ಯಾಶ್‌ಬೋರ್ಡಿನ ‘ರೆಡಿ’ ದೀಪ ಮಾತ್ರ ಉರಿಯುತ್ತಲೇ ಇರುತ್ತದೆ. ಆ ದೀಪ ಆರಿದರೆ ಇಡೀ ವ್ಯವಸ್ಥೆಯೇ ನಿಂತಿದೆ ಎಂದು ಅರ್ಥ. ಹಲವು ದೀಪಗಳು ಹೊತ್ತಿಕೊಂಡು ಸ್ಟೀರಿಂಗ್ ಬಿಗಿಯಾಯಿತು ಎಂದು ನೀವು ಬರೆದಿರುವುದರಿಂದ, ನಿಮ್ಮದು ಎಂಜಿನ್ ತಾನಾಗಿ ಮೌನವಾದ ಪ್ರಸಂಗವಲ್ಲ. ‘ಹೈಬ್ರಿಡ್ ಅಂದರೆ ಹಾಗೇ’ ಎಂದು ಯಾರಾದರೂ ಸಮಾಧಾನ ಹೇಳಿದರೆ ಒಪ್ಪಬೇಡಿ.

ನನ್ನ ಮೊದಲ ಸಂಶಯ 12 ವೋಲ್ಟಿನ ಸಣ್ಣ ಬ್ಯಾಟರಿಯ ಮೇಲೆ. ಸಾಮಾನ್ಯ ಕಾರಿನಲ್ಲಿ ಈ ಬ್ಯಾಟರಿ ಸೊರಗಿದರೆ ಬೆಳಿಗ್ಗೆ ಸೆಲ್ಫ್ ಹೊಡೆಯುವಾಗಲೇ ಎಂಜಿನ್ ಕಷ್ಟಪಟ್ಟು ತಿರುಗಿ ನಮಗೆ ಸೂಚನೆ ಸಿಗುತ್ತದೆ. ಹೈಬ್ರಿಡ್‌ನಲ್ಲಿ ಎಂಜಿನ್ ತಿರುಗಿಸುವುದು ಮೋಟಾರಿಗೆ ವಿದ್ಯುತ್ ಕೊಡುವ ದೊಡ್ಡ ಬ್ಯಾಟರಿಯ ಕೆಲಸ. ಸಣ್ಣ ಬ್ಯಾಟರಿ ಕಂಪ್ಯೂಟರುಗಳನ್ನೂ ರಿಲೇಗಳನ್ನೂ ಎಚ್ಚರವಾಗಿಡುತ್ತದೆ, ಅಷ್ಟೇ. ಹಾಗಾಗಿ ಅದು ದುರ್ಬಲವಾಗಿದ್ದರೂ ದಿನಗಟ್ಟಲೆ ಗೊತ್ತಾಗುವುದಿಲ್ಲ. ಅದರ ಟರ್ಮಿನಲ್ ಅಥವಾ ಅರ್ತಿಂಗ್ ವೈರು ಸಡಿಲವಾಗಿದ್ದು, ರಸ್ತೆಯ ಗುಂಡಿಯೊಂದರಲ್ಲಿ ಕ್ಷಣಮಾತ್ರ ಸಂಪರ್ಕ ತಪ್ಪಿದರೂ ಕಂಪ್ಯೂಟರು ಕಣ್ಣುಮುಚ್ಚಿ ತೆರೆಯಬಹುದು, ಕಾರು ನಿಲ್ಲಬಹುದು, ಆಮೇಲೆ ಹುಡುಕಿದರೆ ಜಾಡು ಸಿಗದೆಯೂ ಹೋಗಬಹುದು. ಕಾರು ರಾತ್ರಿಯಿಡೀ ನಿಂತ ಮೇಲೆ ಬೆಳಿಗ್ಗೆ ಅಳೆದಾಗ ಒಳ್ಳೆಯ ಬ್ಯಾಟರಿ 12.6 ವೋಲ್ಟಿನ ಆಸುಪಾಸಿನಲ್ಲಿರಬೇಕು. ವೋಲ್ಟ್ ಅಳೆದು ಅಷ್ಟಕ್ಕೇ ಬಿಡದೆ, ಬ್ಯಾಟರಿಯ ಮೇಲೆ ಭಾರ ಹಾಕಿ ನೋಡುವ ಲೋಡ್ ಟೆಸ್ಟನ್ನೂ ಮಾಡಿಸಿ. ನಮ್ಮ ಭಾಗದ ಬಿಸಿಲಿನಲ್ಲಿ ಬ್ಯಾಟರಿಗಳ ಆಯುಸ್ಸು ಬೇಗ ಮುಗಿಯುತ್ತದೆ.

ಎರಡನೆಯದು ಇನ್ವರ್ಟರಿನ ಶಾಖ. ದೊಡ್ಡ ಬ್ಯಾಟರಿಯ ವಿದ್ಯುತ್ತನ್ನು ಮೋಟಾರಿಗೆ ತಕ್ಕಂತೆ ಮಾರ್ಪಡಿಸುವ ಈ ಭಾಗಕ್ಕೆ ಹಲವು ಕಾರುಗಳಲ್ಲಿ ಎಂಜಿನ್ನಿನದ್ದಲ್ಲದ ಬೇರೆಯೇ ಕೂಲಂಟ್ ಡಬ್ಬಿ ಮತ್ತು ಬೇರೆಯೇ ವಿದ್ಯುತ್ ಪಂಪು ಇರುತ್ತವೆ. ಎಂಜಿನ್ನಿನ ಕೂಲಂಟ್ ನೋಡಿ ಬಾನೆಟ್ ಮುಚ್ಚುವವರು ಈ ಎರಡನೆಯ ಡಬ್ಬಿಯನ್ನು ಮರೆಯುವುದುಂಟು. ಪಂಪು ಕೆಟ್ಟಿದ್ದರೆ, 42 ಡಿಗ್ರಿ ಬಿಸಿಲಿನಲ್ಲಿ ಓವರ್‌ಟೇಕ್ ಮಾಡುವಾಗ ಬೀಳುವ ಭಾರಕ್ಕೆ ಇನ್ವರ್ಟರು ಕಾಯ್ದು, ತನ್ನನ್ನು ಉಳಿಸಿಕೊಳ್ಳಲು ಕಾರನ್ನೇ ನಿಲ್ಲಿಸಬಹುದು. ತಣಿದ ಮೇಲೆ ಮತ್ತೆ ಚಾಲೂ ಆಗುತ್ತದೆ. ನಿಮ್ಮ ಕಾರು ಸ್ವಲ್ಪ ಹೊತ್ತು ನಿಂತ ಮೇಲೆ ಸರಿಹೋದದ್ದು ಇದಕ್ಕೆ ಹೊಂದುತ್ತದೆ. ಕೆಲವು ಕಾರುಗಳಲ್ಲಿ ‘ರೆಡಿ’ ದೀಪ ಉರಿಯುತ್ತಿರುವಾಗ ಆ ಡಬ್ಬಿಯೊಳಗೆ ಇಣುಕಿದರೆ ಕೂಲಂಟ್ ಅಲುಗಾಡುವುದು ಕಣ್ಣಿಗೇ ಕಾಣುತ್ತದೆ. ನಿಶ್ಚಲವಾಗಿದ್ದರೆ ಪಂಪಿನ ಮೇಲೆ ಅನುಮಾನ ಪಡಬೇಕು. ಇದನ್ನು ಮೆಕ್ಯಾನಿಕ್ಕಿನಿಂದಲೇ ಮಾಡಿಸಿ, ಹೆಚ್ಚು ವೋಲ್ಟಿನ ವಿದ್ಯುತ್ ಹರಿಯುವ ಕೇಸರಿ ಬಣ್ಣದ ಕೇಬಲ್ಲುಗಳ ಹತ್ತಿರ ನೀವು ಕೈ ಹಾಕಬೇಡಿ.

ಮೂರನೆಯದು ಸಾಫ್ಟ್‌ವೇರ್. ಇದು ಬರಿಯ ಊಹೆಯಲ್ಲ, ಹೊರದೇಶಗಳಲ್ಲಿ ಸಾಬೀತಾದ ಸಂಗತಿ. ಟೊಯೋಟಾ ಪ್ರಿಯಸ್ ಕಾರುಗಳು ಓಡುವಾಗ ನಿಲ್ಲುತ್ತಿವೆ ಎಂಬ ದೂರುಗಳ ಮೇಲೆ 2005ರಲ್ಲಿ ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ತನಿಖೆ ಆರಂಭಿಸಿತು. ಅದೇ ಅಕ್ಟೋಬರಿನಲ್ಲಿ ಕಂಪನಿ ಅಲ್ಲಿನ ಸುಮಾರು 75,000 ಕಾರುಗಳ ಸಾಫ್ಟ್‌ವೇರ್ ಸರಿಪಡಿಸಿಕೊಡಲು ಮುಂದಾಯಿತು. 2014ರ ಫೆಬ್ರುವರಿಯಲ್ಲಿ ಜಗತ್ತಿನಾದ್ಯಂತ ಸುಮಾರು 19 ಲಕ್ಷ ಪ್ರಿಯಸ್‌ಗಳನ್ನು ಹಿಂದಕ್ಕೆ ಕರೆಯಲಾಯಿತು. ಸಾಫ್ಟ್‌ವೇರಿನ ಹೊಂದಾಣಿಕೆ ಸರಿಯಿಲ್ಲದೆ ಇನ್ವರ್ಟರಿನ ಟ್ರಾನ್ಸಿಸ್ಟರುಗಳು ಅತಿಯಾಗಿ ಕಾಯ್ದು ಹಾಳಾಗುತ್ತಿದ್ದವು. ನಾನು ಒತ್ತಿ ಹೇಳಬೇಕಾದದ್ದು ಅದರ ಮುಂದಿನ ಭಾಗವನ್ನು. ಇಂಥ ದೋಷ ಕಂಡಾಗ ಕಾರು ಪೂರ್ತಿ ನಿಲ್ಲದೆ, ಕಡಿಮೆ ಶಕ್ತಿಯಲ್ಲಾದರೂ ಪಕ್ಕಕ್ಕೆ ಸರಿಯುವಷ್ಟು ಓಡಬೇಕು. ಆದರೆ ಹೀಗೆ ರಿಪೇರಿಯಾಗಿದ್ದ ಕಾರುಗಳಲ್ಲೂ ಅಪರೂಪಕ್ಕೆ ಆ ರಕ್ಷಣಾ ಸ್ಥಿತಿ ಜಾರಿಗೆ ಬಾರದೆ ಶಕ್ತಿ ಸಂಪೂರ್ಣ ನಿಲ್ಲಬಹುದೆಂದು ಕಂಡುಬಂದು, 2018ರ ಅಕ್ಟೋಬರಿನಲ್ಲಿ ಪ್ರಿಯಸ್ ಮತ್ತು ಅದೇ ಕಂಪನಿಯ ಆರಿಸ್ ಸೇರಿ ಸುಮಾರು 24 ಲಕ್ಷ ಕಾರುಗಳನ್ನು ಮತ್ತೆ ಕರೆಯಬೇಕಾಯಿತು. ನಿಮ್ಮ ಕಾರಿನಲ್ಲೂ ಇದೇ ದೋಷವಿದೆ ಎಂದು ನಾನು ಹೇಳುತ್ತಿಲ್ಲ. ತಯಾರಕರೇ ಎರಡೆರಡು ಸಲ ತಿದ್ದಬೇಕಾದ ದೋಷ, ಒಂದು ವರ್ಕ್‌ಶಾಪಿನ ಅರ್ಧ ಗಂಟೆಯ ತಪಾಸಣೆಯಲ್ಲಿ ಕಾಣದಿದ್ದರೆ ದೋಷವೇ ಇಲ್ಲ ಎನ್ನಲಾಗದು ಎಂದಷ್ಟೇ ನನ್ನ ಮಾತು.

ಆದ್ದರಿಂದ ವರ್ಕ್‌ಶಾಪಿಗೆ ಮತ್ತೆ ಹೋಗಿ. ಘಟನೆಯ ದಿನ, ಸಮಯ, ಜಾಗ, ಕಾರಿನ ವೇಗ, ಎಸಿ ಚಾಲೂ ಇತ್ತೇ, ಪೆಟ್ರೋಲ್ ಎಷ್ಟಿತ್ತು, ಯಾವ ಸಂದೇಶ ಬಂತು ಎಂಬುದನ್ನೆಲ್ಲ ಜಾಬ್ ಕಾರ್ಡಿನಲ್ಲಿ ಬರೆಸಿ. ‘ಜನರಲ್ ಚೆಕಪ್’ ಎಂದಷ್ಟೇ ಬರೆದರೆ ಸಹಿ ಹಾಕಬೇಡಿ. ಕಾರಿನ ಕಂಪ್ಯೂಟರು ದೋಷ ಕಂಡ ಗಳಿಗೆಯಲ್ಲಿ ಆ ದೋಷವನ್ನು ಗುರುತಿಸುವ ಕೋಡ್ ಜೊತೆಗೆ ಆಗಿನ ವೇಗ, ಬ್ಯಾಟರಿಯ ಸ್ಥಿತಿ, ಉಷ್ಣಾಂಶಗಳನ್ನೂ ದಾಖಲಿಸಿಡುತ್ತದೆ. ಇದನ್ನು ಫ್ರೀಜ್ ಫ್ರೇಮ್ ಎನ್ನುತ್ತಾರೆ. ಅದರ ಪ್ರಿಂಟ್ ಕೇಳಿ ಪಡೆಯಿರಿ. ಅದರಲ್ಲಿ ಪಿ0ಎ93 ಇದ್ದರೆ ಇನ್ವರ್ಟರಿನ ತಂಪಿನ ವ್ಯವಸ್ಥೆಯತ್ತ, ಪಿ0ಎ80 ಇದ್ದರೆ ದೊಡ್ಡ ಬ್ಯಾಟರಿಯತ್ತ ನೋಡಬೇಕು. ಪ್ರಿಂಟ್ ಕೈಗೆ ಬರುವ ಮೊದಲು ಕೋಡ್ ಅಳಿಸಲು ಬಿಡಬೇಡಿ, ಕೆಲವರು ಸಲಹೆ ಕೊಡುವಂತೆ ಬ್ಯಾಟರಿ ವೈರು ಬಿಚ್ಚಿ ಹಾಕಿಸಲೂ ಬೇಡಿ. ನಿಮ್ಮ ಚಾಸಿಸ್ ನಂಬರಿಗೆ ಬಾಕಿ ಉಳಿದ ಸಾಫ್ಟ್‌ವೇರ್ ಅಪ್‌ಡೇಟ್ ಅಥವಾ ರೀಕಾಲ್ (ತಯಾರಕರು ಕಾರನ್ನು ಹಿಂದಕ್ಕೆ ಕರೆದು ಸರಿಪಡಿಸುವುದು) ಇದೆಯೇ ಎಂದೂ ಬರವಣಿಗೆಯಲ್ಲೇ ಉತ್ತರ ಕೇಳಿ.

ಅಲ್ಲಿಗೂ ಕೆಲಸವಾಗದಿದ್ದರೆ ಕಾನೂನಿನ ದಾರಿ ಇದೆ. 2021ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲೂ ರೀಕಾಲ್ ನಿಯಮಗಳು ಜಾರಿಯಲ್ಲಿವೆ; ಏಳು ವರ್ಷದೊಳಗಿನ ವಾಹನದ ಸುರಕ್ಷತಾ ದೋಷದ ಬಗ್ಗೆ ಮಾಲೀಕರು ಸಾರಿಗೆ ಸಚಿವಾಲಯದ ವಾಹನ್ ಪೋರ್ಟಲ್ಲಿನಲ್ಲಿ ದೂರು ಕೊಡಬಹುದು. ದೂರುಗಳು ಸೇರಿದರೆ ಮಾತ್ರ ತನಿಖೆಗೆ ಬಲ ಬರುವುದರಿಂದ, ನಿಮ್ಮ ಒಂದು ದೂರಿನಿಂದ ಏನಾದೀತು ಎಂದು ಸುಮ್ಮನಾಗಬೇಡಿ. ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುವುದಾದರೆ, ಕಾರನ್ನು ಬೇರೆ ಊರಿನಲ್ಲಿ ಕೊಂಡಿದ್ದರೂ 2019ರ ಕಾಯ್ದೆಯಂತೆ ನೀವು ವಾಸವಿರುವ ಕಲಬುರಗಿಯಲ್ಲೇ ದೂರು ದಾಖಲಿಸಬಹುದು, ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ.

ಪ್ರಶ್ನೆ: ನಮ್ಮ ಹೈಬ್ರಿಡ್ ಕಾರು ಬೇಸಿಗೆಯಲ್ಲಿ ಪೂರ್ತಿ ನಿಲ್ಲುವುದಿಲ್ಲ, ಆದರೆ ಬರಬರುತ್ತಾ ಎಳೆಯುವ ಶಕ್ತಿ ಕುಂದುತ್ತದೆ. ಊರಿನಲ್ಲಿ ಸಿಮೆಂಟಿನ ದೂಳು ಬಹಳ. ಇದಕ್ಕೂ ಅದಕ್ಕೂ ಸಂಬಂಧವಿದೆಯೇ?
(ಓದುಗರು, ಸೇಡಂ)

ಉತ್ತರ: ಇರಬಹುದು. ಅನೇಕ ಹೈಬ್ರಿಡ್‌ಗಳಲ್ಲಿ ದೊಡ್ಡ ಬ್ಯಾಟರಿಗೆ ಕಾರಿನೊಳಗಿನ ಗಾಳಿಯೇ ತಂಪು. ಹಿಂದಿನ ಸೀಟಿನ ಬುಡದಲ್ಲೋ ಪಕ್ಕದಲ್ಲೋ ಜಾಲರಿಯೊಂದು ಇರುತ್ತದೆ. ಬಹಳ ಕಾರುಗಳಲ್ಲಿ ಅದರ ಹಿಂದೆ ಒಂದು ಫಿಲ್ಟರೂ ಇರುತ್ತದೆ. ಸೇಡಂ, ಮಳಖೇಡ, ಶಹಾಬಾದ್ ಕಡೆಯ ಸುಣ್ಣದಕಲ್ಲಿನ ನಯವಾದ ದೂಳು ಅದರ ಮೇಲೆ ಬೂದು ಪದರವಾಗಿ ಕೂತರೆ, ಅಥವಾ ಜಾಲರಿಯ ಮುಂದೆಯೇ ಚೀಲ, ಹಾಸಿಗೆ ಇಟ್ಟರೆ ಗಾಳಿ ಸಾಲದೆ ಬ್ಯಾಟರಿ ಕಾಯುತ್ತದೆ, ಕಂಪ್ಯೂಟರು ಶಕ್ತಿಯನ್ನು ತಗ್ಗಿಸುತ್ತದೆ. ಕೈಪಿಡಿ ಹೇಳುವ ಅವಧಿಗಿಂತ ಬೇಗನೆ ಆ ಫಿಲ್ಟರನ್ನು ಶುಚಿ ಮಾಡಿಸಿ. ಬಿಸಿಲಿನಲ್ಲಿ ನಿಂತಿದ್ದ ಕಾರನ್ನು ತೆಗೆಯುವಾಗ ಕಿಟಕಿ ಇಳಿಸಿ, ಎಸಿ ಹಾಕಿ, ಒಳಗಿನ ಕಾವು ಇಳಿದ ಮೇಲೆ ಹೊರಡಿ.

ಪ್ರಶ್ನೆ: ಓಡುವಾಗ ಹೈಬ್ರಿಡ್ ಕಾರು ನಿಂತುಬಿಟ್ಟರೆ ಆ ಕ್ಷಣದಲ್ಲಿ ಏನು ಮಾಡಬೇಕು? ಹಗ್ಗ ಕಟ್ಟಿ ಎಳೆಯಬಹುದೇ?
(ಓದುಗರು, ಬೀದರ್)

ಉತ್ತರ: ನಾಲ್ಕೂ ಇಂಡಿಕೇಟರ್ ಹಾಕಿ, ಎರಡೂ ಕೈಗಳಿಂದ ಸ್ಟೀರಿಂಗ್ ಬಲವಾಗಿ ಹಿಡಿದು, ವೇಗ ಉಳಿದಿರುವಾಗಲೇ ಎಡಕ್ಕೆ ಸರಿಯಿರಿ. ಸ್ಟೀರಿಂಗ್ ಭಾರವಾಗುತ್ತದೆಯೇ ಹೊರತು ಲಾಕ್ ಆಗುವುದಿಲ್ಲ. ಬ್ರೇಕನ್ನು ಪದೇ ಪದೇ ತುಳಿದು ಬಿಡಬಾರದು, ಉಳಿದಿರುವ ಒತ್ತಡ ಅದರಲ್ಲೇ ತೀರಿಹೋಗುತ್ತದೆ; ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಗಾಬರಿಯಲ್ಲಿ ಪವರ್ ಬಟನ್ ಒತ್ತುತ್ತಾ ಕೂರಬೇಡಿ, ಕಾರು ಪೂರ್ತಿ ನಿಂತು ‘ಪಿ’ಗೆ ಹಾಕಿದ ಮೇಲಷ್ಟೇ ಮತ್ತೆ ಪ್ರಯತ್ನಿಸಿ. ಎಲ್ಲರನ್ನೂ ಕೆಳಗಿಳಿಸಿ ರಸ್ತೆಯಿಂದ ದೂರ ನಿಲ್ಲಿಸಿ, ತ್ರಿಕೋನ ಫಲಕವನ್ನು ಹಿಂದೆ ದೂರದಲ್ಲಿಡಿ.

ಹಗ್ಗ ಕಟ್ಟಿ ಎಳೆಯುವುದು ಬೇಡ. ಮುಂದಿನ ಚಕ್ರಗಳು ನೆಲದ ಮೇಲೆ ಉರುಳಿದರೆ ಅವುಗಳಿಗೆ ಜೋಡಿಸಿದ ಮೋಟಾರು ತಿರುಗಿ ವಿದ್ಯುತ್ ಹುಟ್ಟಿಸುತ್ತದೆ. ಅದರಿಂದ ಇನ್ವರ್ಟರ್ ಹಾಳಾಗಬಹುದು, ಬೆಂಕಿಯ ಅಪಾಯವೂ ಉಂಟು. ನಾಲ್ಕೂ ಚಕ್ರ ಮೇಲಿರುವಂತೆ ಕಾರನ್ನು ಹೊತ್ತೊಯ್ಯುವ ಗಾಡಿಯನ್ನೇ ಕರೆಸಿ, ಹುಮನಾಬಾದಿನಿಂದ ಬರಲು ತಡವಾದರೂ ಸರಿ.