ರೇಗಿದ ಮೇಲಿನ ಕೊರಗು

ಪ್ರಶ್ನೆ: ಮರೆವಿನ ಕಾಯಿಲೆಯಿರುವ ಅತ್ತೆಯವರನ್ನು ನಾನೇ ನೋಡಿಕೊಳ್ಳುತ್ತಿದ್ದೇನೆ. ಅವರು ಕೇಳಿದ್ದನ್ನೇ ಕೇಳಿದಾಗ ತಾಳ್ಮೆ ತಪ್ಪಿ ರೇಗುತ್ತೇನೆ. ರಾತ್ರಿ ಅದನ್ನೇ ನೆನೆದು ಅಳುತ್ತೇನೆ. ಪ್ರತಿದಿನ ಉಸಿರನ್ನು ಗಮನಿಸುವ ಆನಾಪಾನ ಧ್ಯಾನ ಮಾಡಿದರೂ ಕೋಪ ಹೋಗಿಲ್ಲ. ನನ್ನ ಅಭ್ಯಾಸವೇ ತಪ್ಪೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಕೋಪ ಬಂದ ಮಾತ್ರಕ್ಕೆ ಅಭ್ಯಾಸ ತಪ್ಪೆನ್ನಲಾಗದು. ಎಚ್ಚರದ ಅರಿವನ್ನು ಕುರಿತ ಬುದ್ಧನ ಉಪದೇಶವಾದ ಸತಿಪಟ್ಠಾನ ಸುತ್ತದಲ್ಲಿ ಚಿತ್ತವನ್ನು ಗಮನಿಸುವ ಭಾಗವು, ದ್ವೇಷ ತುಂಬಿದ ಚಿತ್ತವನ್ನು ಹಾಗೆಂದೇ, ದ್ವೇಷವಿಲ್ಲದ ಚಿತ್ತವನ್ನೂ ಹಾಗೆಂದೇ ಅರಿಯಬೇಕೆನ್ನುತ್ತದೆ. ಅತ್ತೆಯವರು ಮತ್ತೆ ಕೇಳಿದಾಗ ದವಡೆ ಬಿಗಿಯುವುದು, ಎದೆ ಬಿಸಿಯಾಗುವುದು ಸಾಮಾನ್ಯವಾಗಿ ಮಾತು ಹೊರಡುವ ಮೊದಲೇ ಆಗುತ್ತದೆ. ಅದನ್ನು ಗುರುತಿಸಿ, ಒಂದು ಉಸಿರು ಪೂರ್ತಿ ಹೊರಹೋಗುವವರೆಗೆ ಉತ್ತರವನ್ನು ತಡೆದು ನೋಡಿ. ಆನಾಪಾನದಲ್ಲಿ ಉಸಿರನ್ನು ಗಮನಿಸಿ ರೂಢಿಯಾಗಿರುವುದು ನಿಮಗೆ ನೆರವಾಗುವುದು ಇಂಥ ಗಳಿಗೆಯಲ್ಲೇ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಲಕಿದ್ದು ರಾತ್ರಿಯ ಆ ಕೊರಗು. ಮಾಡಿದ್ದನ್ನು ನೆನೆನೆನೆದು ಬೇಯುವ ಕೌಕೃತ್ಯವನ್ನು ಬೌದ್ಧ ಗ್ರಂಥಗಳು ಮನಸ್ಸನ್ನು ಮುಚ್ಚುವ ಐದು ನೀವರಣಗಳಲ್ಲಿ, ಚಂಚಲತೆಯೊಡನೆ ಸೇರಿಸಿ ಎಣಿಸುತ್ತವೆ. ಬುದ್ಧನ ಉಪದೇಶಗಳ ಸಂಗ್ರಹವಾದ ಸಂಯುತ್ತ ನಿಕಾಯದ ಶಂಖಧಮ ಸುತ್ತದಲ್ಲಿ, ನಾಲಂದೆಯಲ್ಲಿದ್ದ ಬುದ್ಧನು ಅಸಿಬಂಧಕಪುತ್ರನೆಂಬ ಗ್ರಾಮಣಿಗೆ (ಊರಿನ ಮುಖ್ಯಸ್ಥನಿಗೆ) ಇದನ್ನು ಬಿಡಿಸಿ ಹೇಳುತ್ತಾನೆ: ತಪ್ಪು ಮಾಡಿದವನು ಅದು ಸರಿಯಲ್ಲವೆಂದು ಒಪ್ಪಿಕೊಳ್ಳಬೇಕು, ಆದರೆ ಎಷ್ಟು ಪರಿತಪಿಸಿದರೂ ಆದದ್ದು ಆಗದಂತಾಗುವುದಿಲ್ಲವೆಂದು ತಿಳಿದು, ಅದನ್ನು ಕೈಬಿಟ್ಟು, ಮುಂದೆ ಮಾಡದಿರಬೇಕು, ಅನಂತರ ಎಲ್ಲ ದಿಕ್ಕುಗಳಿಗೂ ಮೈತ್ರಿಯನ್ನು, ಅಂದರೆ ಎಲ್ಲರ ಒಳಿತು ಬಯಸುವ ಭಾವವನ್ನು, ಹರಡಬೇಕು. ಇಲ್ಲಿ ತಪ್ಪನ್ನು ಮರೆಮಾಚಲು ಎಡೆಯಿಲ್ಲ, ತನ್ನನ್ನು ತಾನೇ ಹೊಡೆದುಕೊಳ್ಳಲೂ ಎಡೆಯಿಲ್ಲ. ಆದ್ದರಿಂದ ಮಲಗುವ ಮುನ್ನ "ಇಂದು ರೇಗಿದೆ, ಅದರಿಂದ ಅವರಿಗೆ ನೋವಾಯಿತು, ನಾಳೆ ತಡೆಯುತ್ತೇನೆ" ಎಂದು ಸ್ಪಷ್ಟವಾಗಿ ಹೇಳಿಕೊಂಡು ಮೈತ್ರಿ ಧ್ಯಾನಕ್ಕೆ ತಿರುಗಿ.

ಆ ಧ್ಯಾನವನ್ನು ಅತ್ತೆಯವರಿಂದ ಆರಂಭಿಸಬೇಡಿ. ಐದನೆಯ ಶತಮಾನದಲ್ಲಿ ಶ್ರೀಲಂಕೆಯಲ್ಲಿ ವಿಶುದ್ಧಿಮಾರ್ಗವೆಂಬ ಬೌದ್ಧ ಸಾಧನೆಯ ಗ್ರಂಥವನ್ನು ಬರೆದ ಬುದ್ಧಘೋಷನು ಮೊದಲು ತನಗೆ, ಬಳಿಕ ಗೌರವಿಸುವ ಗುರುವಿನಂಥವರಿಗೆ, ಆಮೇಲೆ ಆತ್ಮೀಯರಿಗೆ, ಹೊರಗಿನವರಿಗೆ, ಕೊನೆಗೆ ಕೋಪ ಬರಿಸುವವರಿಗೆ ಎಂಬ ಕ್ರಮವನ್ನು ಕೊಟ್ಟಿದ್ದಾನೆ. ಸೇವೆ ಮಾಡಿ ಬಳಲಿದವರು ಮೊದಲ ಮೆಟ್ಟಿಲನ್ನು ಸ್ವಾರ್ಥವೆಂದು ದಾಟಿಬಿಡುತ್ತಾರೆ. ನೀವು ಹಾಗೆ ಮಾಡಬಾರದೆಂದು ಕೇಳಿಕೊಳ್ಳುತ್ತೇನೆ.

ಇನ್ನೊಂದು ಮಾತು. ಅತ್ತೆಯವರು ಬೇಕೆಂದು ಕಾಡುತ್ತಿಲ್ಲ, ನೀವು ಕೊಟ್ಟ ಉತ್ತರ ಅವರ ನೆನಪಿನಲ್ಲಿ ನಿಲ್ಲುತ್ತಿಲ್ಲ. ದಿನವಿಡೀ ಇದನ್ನು ಒಬ್ಬರೇ ಹೊರುವುದು ಧ್ಯಾನದಿಂದ ತುಂಬಿಕೊಡಬಹುದಾದ ಕೊರತೆಯಲ್ಲ. ಪತಿಯೊಡನೆ, ನಾದಿನಿ ಮೈದುನರೊಡನೆ ಕುಳಿತು ಯಾವ ದಿನ ಯಾರು ನೋಡಿಕೊಳ್ಳಬೇಕೆಂದು ಈ ವಾರವೇ ನಿರ್ಧರಿಸಿ. ನಿದ್ರೆ ಕೆಡುವುದು, ಅಳು ನಿಲ್ಲದಿರುವುದು ಮುಂದುವರಿದರೆ ನಿಮಗಾಗಿಯೇ ವೈದ್ಯರನ್ನು ಕಾಣಿ.